ಪರೀಕ್ಷೆಯ ಚೀಟಿಯನ್ನು ಓದುವ ಬಗೆ

ಪ್ರಯೋಗಶಾಲೆಯಿಂದ ಬಂದ ಚೀಟಿಯನ್ನು ನ್ಯಾಯಾಲಯದ ತೀರ್ಪಿನಂತೆ ಭಾವಿಸುವವರು ನಮ್ಮಲ್ಲಿ ಬಹಳ ಮಂದಿ. ‘ಇದೆ’ ಎಂದು ಬರೆದಿದ್ದರೆ ರೋಗವುಂಟು, ‘ಇಲ್ಲ’ ಎಂದಿದ್ದರೆ ಇಲ್ಲ. ವಿಷಯವು ಅಷ್ಟು ಸುಲಭವಲ್ಲವೆಂಬುದನ್ನು ಕ್ಷಯರೋಗದ ನಿದರ್ಶನದಿಂದ ನೋಡೋಣ. ಮುಂಬಯಿಯ ಚಾಳುಗಳಲ್ಲಿ ಬಾಳಿದ ನಮ್ಮವರಿಗೆ ಈ ರೋಗದ ಹೆಸರು ಹೊಸದೇನಲ್ಲ.

1882ರ ಮಾರ್ಚ್ 24ರಂದು ಬರ್ಲಿನ್ನಿನಲ್ಲಿ ರಾಬರ್ಟ್ ಕಾಖ್ ಕ್ಷಯದ ಕ್ರಿಮಿಯನ್ನು ಲೋಕಕ್ಕೆ ತಿಳಿಸಿದನು. ಕಫವನ್ನು ಗಾಜಿನ ಮೇಲೆ ಸವರಿ, ಬಣ್ಣ ಕೊಟ್ಟು, ಸೂಕ್ಷ್ಮದರ್ಶಕದಲ್ಲಿ ನೋಡುವ ಪದ್ಧತಿ ಆ ಕಾಲದಿಂದ ಬಂದದ್ದು. ಖರ್ಚು ಕಡಮೆ, ಫಲಿತಾಂಶವೂ ಬೇಗ. ಆದರೆ ಒಂದು ಮಿಲಿಲೀಟರು ಕಫದಲ್ಲಿ ಸುಮಾರು 5,000ದಿಂದ 10,000 ಕ್ರಿಮಿಗಳಾದರೂ ಇದ್ದ ಹೊರತು ಅವು ಕಣ್ಣಿಗೆ ಬೀಳುವುದು ಕಷ್ಟ. ಆದುದರಿಂದ ಇಲ್ಲಿ ‘ಇಲ್ಲ’ ಎಂಬುದಕ್ಕೆ ‘ಕಾಣಲಿಲ್ಲ’ ಎಂದಷ್ಟೇ ಅರ್ಥ. ಕ್ರಿಮಿಯನ್ನು ಬೆಳೆಸಿ ನೋಡುವ ಪರೀಕ್ಷೆಯೇ ಒರೆಗಲ್ಲು. ಉಳಿದವನ್ನು ಅದಕ್ಕೆ ಹೋಲಿಸಿ ಅಳೆಯುತ್ತಾರೆ. ಅದಕ್ಕಾದರೋ ಎಂಟು ವಾರಗಳವರೆಗೂ ಕಾಯಬೇಕಾದೀತು. ಅಷ್ಟರೊಳಗೆ ರೋಗವು ಮನೆಯ ಮಕ್ಕಳಿಗೂ ತಗಲಿರಬಹುದು.

ಅಳತೆಗೆ ಎರಡು ಮಾನಗಳುಂಟು. ರೋಗವಿರುವ ನೂರು ಜನರಲ್ಲಿ ಎಷ್ಟು ಮಂದಿಯನ್ನು ಪರೀಕ್ಷೆಯು ಹಿಡಿಯುತ್ತದೆ ಎಂಬುದು ಸೂಕ್ಷ್ಮತೆ. ರೋಗವಿಲ್ಲದ ನೂರು ಜನರಲ್ಲಿ ಎಷ್ಟು ಮಂದಿಯನ್ನು ಸರಿಯಾಗಿ ಬಿಟ್ಟುಕೊಡುತ್ತದೆ ಎಂಬುದು ನಿರ್ದಿಷ್ಟತೆ. ಈ ಎರಡು ಮಾತುಗಳನ್ನು 1947ರಲ್ಲಿ ಬಳಕೆಗೆ ತಂದವನು ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಯೆರುಶಲ್ಮಿ. ಎದೆಯ ಕ್ಷ-ಕಿರಣ ಚಿತ್ರಗಳನ್ನು ನುರಿತ ವೈದ್ಯರು ಹೇಗೆ ಓದುತ್ತಾರೆಂಬುದನ್ನು ಅವನು ಪರಿಶೀಲಿಸುತ್ತಿದ್ದನು. ಒಬ್ಬರ ಓದು ಇನ್ನೊಬ್ಬರದಕ್ಕೆ ಹೊಂದಲಿಲ್ಲ. ಅದೇ ಚಿತ್ರವನ್ನು ಮತ್ತೊಮ್ಮೆ ಕೊಟ್ಟಾಗ ತಮ್ಮ ಓದೇ ತಮಗೆ ಹೊಂದದವರೂ ಇದ್ದರು!

ಈಗ ಸ್ವಲ್ಪ ಲೆಕ್ಕ. ವಾಚಕರು ಕಾಗದ ಪೆನ್ಸಿಲು ಹಿಡಿದು ಕುಳಿತರೆ ಒಳಿತು. ಸೂಕ್ಷ್ಮತೆ 90, ನಿರ್ದಿಷ್ಟತೆ 95 ಇರುವ ಒಂದು ಪರೀಕ್ಷೆಯನ್ನು ಕಲ್ಪಿಸಿಕೊಳ್ಳಿ. ಒಳ್ಳೆಯ ಪರೀಕ್ಷೆಯೆಂದೇ ಹೇಳಬೇಕು. ಒಂದು ಬಡಾವಣೆಯ 10,000 ಜನರಿಗೆಲ್ಲ ಇದನ್ನು ಮಾಡಿದೆವೆನ್ನೋಣ. ಅವರಲ್ಲಿ ರೋಗಿಗಳು 100 ಮಂದಿ. ಪರೀಕ್ಷೆಯು 90 ರೋಗಿಗಳನ್ನು ಹಿಡಿಯುತ್ತದೆ. ಉಳಿದ 9,900 ಆರೋಗ್ಯವಂತರಲ್ಲಿ ನೂರಕ್ಕೆ 5ರಂತೆ 495 ಮಂದಿಗೂ ‘ಇದೆ’ ಎನ್ನುತ್ತದೆ. ಅಲ್ಲಿಗೆ ‘ಇದೆ’ ಎಂಬ ಚೀಟಿಗಳು 585. ನಿಜವಾದವು 90 ಮಾತ್ರ. ಆರು ಚೀಟಿಗಳಲ್ಲಿ ಒಂದೂ ಪೂರ್ತಿ ನಿಜವಲ್ಲ! ಅದೇ ಪರೀಕ್ಷೆಯನ್ನು ಎರಡು ವಾರಕ್ಕೂ ಮೀರಿ ಕೆಮ್ಮುತ್ತ ಆಸ್ಪತ್ರೆಗೆ ಬಂದ 1,000 ಜನರಿಗೆ ಮಾಡಿ, ಅವರಲ್ಲಿ 200 ಮಂದಿ ರೋಗಿಗಳಿದ್ದರೆ, 220 ಚೀಟಿಗಳಲ್ಲಿ 180 ನಿಜ. ಪರೀಕ್ಷೆ ಬದಲಾಗಲಿಲ್ಲ, ಪರೀಕ್ಷೆಗೆ ಬಂದ ಜನ ಬದಲಾದರು. ವೈದ್ಯರು ಕೆಮ್ಮು, ಜ್ವರ, ತೂಕ ಇಳಿದದ್ದು, ಮನೆಯಲ್ಲಿ ಯಾರಿಗಾದರೂ ಇತ್ತೇ ಎಂದೆಲ್ಲ ಮೊದಲು ವಿಚಾರಿಸುವುದು ಕಾಲಹರಣವಲ್ಲ. ಚೀಟಿಗೆ ಬೆಲೆ ಬರುವುದೇ ಅದರಿಂದ.

ಈ ಲೆಕ್ಕವನ್ನು ಮರೆತರೆ ಆಗುವ ಹಾನಿಯನ್ನು ನಮ್ಮ ದೇಶ ಕಂಡಿದೆ. ರಕ್ತದಲ್ಲಿ ಪ್ರತಿಕಾಯಗಳನ್ನು ಹುಡುಕಿ ಕ್ಷಯವನ್ನು ಹೇಳುವ ಪರೀಕ್ಷೆಗಳು ಖಾಸಗಿ ಪ್ರಯೋಗಶಾಲೆಗಳಲ್ಲಿ ಧಾರಾಳವಾಗಿ ನಡೆಯುತ್ತಿದ್ದವು. ರೋಗವಿದ್ದವರನ್ನು ಅವು ಬಿಡುತ್ತಿದ್ದವು. ಇಲ್ಲದವರನ್ನು ತಿಂಗಳುಗಟ್ಟಲೆ ಔಷಧಿಗೆ ಹಚ್ಚುತ್ತಿದ್ದವು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಇವನ್ನು ಬಳಸಕೂಡದೆಂದು ಸ್ಪಷ್ಟವಾಗಿ ಹೇಳಿತು. 2012ರಲ್ಲಿ ಭಾರತ ಸರ್ಕಾರವು ನಿಷೇಧಿಸಿತು.

ಈಗ ಬಂದಿರುವ ಸಿಬಿನಾಟ್ ಎಂಬ ಯಂತ್ರವು ಕಫದಲ್ಲಿ ಕ್ರಿಮಿಯ ವಂಶದ್ರವ್ಯವನ್ನೇ ಹುಡುಕುತ್ತದೆ. ಸುಮಾರು ಎರಡು ಗಂಟೆಯ ಕೆಲಸ. ರಿಫಾಂಪಿಸಿನ್ ಔಷಧಿಗೆ ಕ್ರಿಮಿ ಬಗ್ಗುವುದೋ ಇಲ್ಲವೋ ಎಂಬುದನ್ನೂ ತಿಳಿಸುತ್ತದೆ. ಆದರೆ ಸತ್ತ ಕ್ರಿಮಿಗೂ ಬದುಕಿದ ಕ್ರಿಮಿಗೂ ಅದಕ್ಕೆ ಭೇದ ತಿಳಿಯದು. ಹಿಂದೆ ಚಿಕಿತ್ಸೆ ಪಡೆದವರಾದರೆ ಆ ಸಂಗತಿಯನ್ನು ವೈದ್ಯರಿಗೆ ಮೊದಲೇ ಹೇಳಬೇಕು. ಗುಣವಾಗುತ್ತಿದೆಯೇ ಎಂದು ನೋಡಲು ಇಂದಿಗೂ ಕಾಖನ ಕಾಲದ ಆ ಗಾಜಿನ ತುಂಡನ್ನೋ, ಕ್ರಿಮಿ ಬೆಳೆಸುವ ಪರೀಕ್ಷೆಯನ್ನೋ ನೆಚ್ಚುತ್ತಾರೆ.