ಕೌಂಟರಿನಿಂದ ಕೂಟಕ್ಕೆ

ಇಪ್ಪತ್ತೆಂಟು ವರ್ಷ ಬ್ಯಾಂಕಿನಲ್ಲಿ ದುಡಿದೆ, ಅದರ ಜೊತೆಜೊತೆಗೇ ತಾಳಮದ್ದಳೆಯಲ್ಲಿ ಅರ್ಥ ಹೇಳಿದೆ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಮುಗಿಸಿದೊಡನೆ ಕೂತಲ್ಲೇ ಆ ಪಾತ್ರವಾಗಿ ಮಾತಾಡಬೇಕು. ಎದುರು ಅರ್ಥಧಾರಿ ಏನು ಕೇಳುತ್ತಾರೋ ಮೊದಲೇ ಗೊತ್ತಿರುವುದಿಲ್ಲ. ಎರಡನ್ನೂ ಹೇಗೆ ಸಂಭಾಳಿಸಿದಿರಿ ಎಂದು ಹೊಸದಾಗಿ ಕೆಲಸಕ್ಕೆ ಸೇರಿದವರು ಕೇಳುತ್ತಾರೆ. ಅವರಿಗಾಗಿ ಇಷ್ಟು.

1. ನಿದ್ದೆಗೆಟ್ಟು ಕೌಂಟರಿಗೆ ಬರಬಾರದು.
ಸೇರಿದ ಎರಡನೇ ವರ್ಷ. ರಾತ್ರಿಯಿಡೀ ಕೂಟ ಮುಗಿಸಿ, ಬಸ್‌ಸ್ಟ್ಯಾಂಡಿನಲ್ಲಿ ಮುಖ ತೊಳೆದು, ನೇರವಾಗಿ ಕ್ಯಾಶಿಗೆ ಕೂತೆ. ಸಂಜೆ ಲೆಕ್ಕದಲ್ಲಿ 5,000 ರೂಪಾಯಿ ಕಡಿಮೆ. ಐವತ್ತರ ಕಟ್ಟಿನ ಬದಲು ಯಾರಿಗೋ ನೂರರ ಕಟ್ಟು ಕೊಟ್ಟಿದ್ದೆ. ಹಣವನ್ನು ಕೈಯಿಂದ ಕಟ್ಟಿದೆ. ಹಿರಿಯ ಸಹೋದ್ಯೋಗಿಯೊಬ್ಬರು ತಮ್ಮೂರಿನ ಕೊನೆಯ ಬಸ್ಸು ಬಿಟ್ಟು, ಎಂಟು ಗಂಟೆಯವರೆಗೆ ನನ್ನೊಂದಿಗೆ ನೋಟು ಎಣಿಸಿದರು. ಕಳೆದುಕೊಂಡ ಹಣಕ್ಕಿಂತ ಅವರು ಬಿಟ್ಟ ಆ ಬಸ್ಸು ನನ್ನನ್ನು ಹೆಚ್ಚು ಕಾಡಿತು. ಮುಂದೆ ಆಫೀಸರ್ ಆದಾಗ ಸೇಫಿನ ಎರಡು ಬೀಗದ ಕೈಗಳಲ್ಲಿ ಒಂದು ನನ್ನ ಬಳಿ ಇರುತ್ತಿತ್ತು. ನಾನು ಬಾರದೆ ಶಾಖೆಯ ವ್ಯವಹಾರ ಶುರುವಾಗುವಂತಿರಲಿಲ್ಲ. ಆ ವರ್ಷಗಳಲ್ಲಿ ಮರುದಿನ ರಜೆ ಇದ್ದರಷ್ಟೇ ಕೂಟ.

2. ದಿನ ಮೊದಲೇ ಹೇಳಿಬಿಡಿ.
ಯಕ್ಷಗಾನ ಮೇಳಗಳ ತಿರುಗಾಟ ಬೇಸಿಗೆಯ ಕೊನೆಗೆ ಬರುವ ಪತ್ತನಾಜೆಗೆ ಮುಗಿದ ಮೇಲೆ, ಮಳೆಗಾಲದಲ್ಲಿ ನಮ್ಮ ಕೂಟಗಳು ಹೆಚ್ಚು. ಅದು ನನ್ನ ಭಾಗ್ಯ. ಬ್ಯಾಂಕಿನ ವರ್ಷಾಂತ್ಯದ ಲೆಕ್ಕದ ಕಾರಣ ಮಾರ್ಚ್ 15ರಿಂದ ಏಪ್ರಿಲ್ 5ರವರೆಗೆ ಹೆಸರು ಹಾಕಬೇಡಿ ಎಂದು ಸಂಘಟಕರಿಗೆ ದೀಪಾವಳಿಗೇ ತಿಳಿಸುತ್ತಿದ್ದೆ. ಯಾರೂ ಬೇಸರಪಟ್ಟುಕೊಳ್ಳಲಿಲ್ಲ. ಬರುತ್ತೇನೆಂದು ಹೇಳಿ ಬಾರದಿದ್ದರೆ ಮಾತ್ರ ಜನ ಮರೆಯುವುದಿಲ್ಲ.

3. ಮನೆಯ ಭಾನುವಾರ ಮನೆಗೇ.
ಮಗಳು ಐದನೇ ಕ್ಲಾಸಿನಲ್ಲಿದ್ದಾಗ ಗೋಡೆಯ ಕ್ಯಾಲೆಂಡರಿನಲ್ಲಿ ಒಂದು ಭಾನುವಾರದ ಚೌಕದೊಳಗೆ ಪೆನ್ಸಿಲಿನಿಂದ ‘ಅಪ್ಪ ಇದ್ದಾರೆ’ ಎಂದು ಬರೆದಿದ್ದಳು. ಆ ತಿಂಗಳಲ್ಲಿ ಅಂಥದ್ದು ಒಂದೇ ಚೌಕ. ಅಂದಿನಿಂದ ತಿಂಗಳಿಗೆ ಎರಡು ಭಾನುವಾರ ಯಾರು ಕರೆದರೂ ಹೋಗಲಿಲ್ಲ.

4. ಕೆಲಸದಲ್ಲೂ ಕಣ್ಣು ತೆರೆದಿರಲಿ.
ಒಂದು ಮಳೆಗಾಲ ಅಡಿಕೆಗೆ ಕೊಳೆರೋಗ ಬಿತ್ತು. ಬಿಡದ ಮಳೆಯಲ್ಲಿ ಬೋರ್ಡೋ ದ್ರಾವಣ ಹೊಡೆಯಲೂ ಆಗಿರಲಿಲ್ಲ. ಸಾಲ ಕಟ್ಟಲಾಗದ ಹಿರಿಯರೊಬ್ಬರು ನನ್ನ ಮೇಜಿನ ಮುಂದೆ ಬಂದು ನಿಂತರು. ಕೂತುಕೊಳ್ಳಿ ಅಂದರೂ ಕೂರಲಿಲ್ಲ. ಪಾಸ್‌ಬುಕ್ಕನ್ನು ಬೈರಾಸಿನಿಂದ ಒರೆಸುತ್ತಲೇ ಇದ್ದರು, ಅದು ಒದ್ದೆಯೇ ಆಗಿರಲಿಲ್ಲ. ಕೊನೆಗೆ, “ಮಾತು ಕೊಟ್ಟಿದ್ದೆನಲ್ಲ ಸಾರ್” ಅಂದರು. ಅಷ್ಟೇ. ಕಂತು ಮುಂದೂಡಲು ಬೇಕಾದ ಕಾಗದ ಅಂದೇ ಬರೆದೆ.
ನಾನು ಕರ್ಣನ ಅರ್ಥ ಹೇಳುವಾಗ ದುರ್ಯೋಧನನ ಋಣದ ಬಗ್ಗೆ ಅರ್ಧ ಗಂಟೆ ಮಾತಾಡುತ್ತಿದ್ದವನು. ಆ ವರ್ಷ ಕೃಷ್ಣ ಜನ್ಮರಹಸ್ಯ ಹೇಳಿ ಕರೆದಾಗ, ಸ್ವಲ್ಪ ಹೊತ್ತು ಸುಮ್ಮನಿದ್ದು, ಮಾತು ಕೊಟ್ಟಿದ್ದೇನೆ ಎಂದಷ್ಟೇ ಹೇಳಿದೆ. ಮದ್ದಳೆಯ ಮೇಲಿನ ಕೈಯೂ ಅಲುಗಲಿಲ್ಲ. ಪುರಾಣ ಓದಿ ನನಗೆ ಸಿಗದ ಕರ್ಣ ಸಾಲದ ಮೇಜಿನ ಎದುರು ಸಿಕ್ಕಿದ್ದ.

5. ಸಂಬಳವನ್ನು ಹಗುರಾಗಿ ಕಾಣಬೇಡಿ.
ಮಾಸ್ತಿ ಮೈಸೂರು ಸರ್ಕಾರದ ಕೆಲಸಕ್ಕೆ ಸೇರಿದ್ದು 1914ರಲ್ಲಿ, ಬಿಟ್ಟದ್ದು 1943ರಲ್ಲಿ. ಮೊದಲ ಕಥಾಸಂಕಲನ 1920ರಲ್ಲೇ ಬಂದಿತ್ತು. ಮುಂಬಯಿಯ ಪ್ಲಾಸ್ಟಿಕ್ ಉದ್ಯಮದಲ್ಲಿ ದುಡಿದ ಯಶವಂತ ಚಿತ್ತಾಲರು ಆ ಜಗತ್ತನ್ನೇ ‘ಶಿಕಾರಿ’ಯೊಳಗೆ ತಂದರು. ನನ್ನ ಮಟ್ಟಿಗೆ ಸಂಬಳ ಕೊಟ್ಟದ್ದು ಒಂದು ಸ್ವಾತಂತ್ರ್ಯ: ಸಂಭಾವನೆಗಾಗಿ ಒಪ್ಪದ ಪಾತ್ರ ಹಿಡಿಯಬೇಕಾಗಲಿಲ್ಲ.

6. ವರ್ಗವಾದರೆ ನಾಲಿಗೆಗೆ ತುಕ್ಕು ಹಿಡಿಯಲು ಬಿಡಬೇಡಿ.
ಬಡ್ತಿಯ ಜೊತೆಗೆ ನಾಗಪುರಕ್ಕೆ ವರ್ಗವಾಯಿತು. ಮೂರು ವರ್ಷ ಒಂದೂ ಕೂಟವಿಲ್ಲ. ಊರಿನ ಗೆಳೆಯರೊಬ್ಬರು ಭಾನುವಾರ ರಾತ್ರಿ ಒಂಬತ್ತಕ್ಕೆ ಫೋನ್ ಮಾಡಿ, ಒಂದು ಪದ್ಯ ಹಾಡಿ ಸುಮ್ಮನಾಗುತ್ತಿದ್ದರು. ಬಾಡಿಗೆ ಮನೆಯ ಅಡುಗೆಕೋಣೆಯಲ್ಲಿ ನಿಂತು ಅರ್ಥ ಹೇಳುತ್ತಿದ್ದೆ. ಅವರು ರಾಮನಾಗಿ ಎದುರು ಮಾತಾಡಿದರೆ ನಾನು ವಾಲಿ. ಗೋಡೆಯಾಚೆಯ ಮರಾಠಿ ಅಜ್ಜಿ, ವಾರವಾರ ಯಾರ ಜೊತೆ ಜಗಳ ಎಂದು ಒಮ್ಮೆ ವಿಚಾರಿಸಿದ್ದರು. ಊರಿಗೆ ಮರಳಿದ ಮೇಲೆ ನನ್ನ ಮೊದಲ ಕೂಟ ‘ವಾಲಿವಧೆ’. ಗೆಳೆಯರು ಎದುರಿಗೆ ರಾಮನಾಗಿ ಕೂತಿದ್ದರು. ಭಾಗವತರು ಪದ್ಯ ನಿಲ್ಲಿಸಿದರು. ನಾನು ಶುರು ಮಾಡಿದೆ.