ಮಕ್ಕಳ ಗಂಟಲು ನೋವು: ಗ್ರಾಮ ಪಂಚಾಯತಿ ಸದಸ್ಯರು ಅರಿತಿರಬೇಕಾದ ವಿಷಯ

ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳ ಹಳ್ಳಿಗಳಲ್ಲಿ ಮಗುವಿನ ಗಂಟಲು ನೋವನ್ನು ದೊಡ್ಡ ಕಾಯಿಲೆಯೆಂದು ಸಾಮಾನ್ಯವಾಗಿ ಯಾರೂ ಎಣಿಸುವುದಿಲ್ಲ. ಬಹುತೇಕ ಸಂದರ್ಭಗಳಲ್ಲಿ ಈ ಎಣಿಕೆ ಸರಿಯೂ ಹೌದು. ನೆಗಡಿ, ಕೆಮ್ಮಿನೊಡನೆ ಬರುವ ನೋವು ವೈರಾಣುವಿನಿಂದ ಉಂಟಾಗುವಂಥದು. ವಾರದೊಳಗೆ ತಾನಾಗಿಯೇ ಶಮನವಾಗುತ್ತದೆ. ಬೆಚ್ಚಗಿನ ಗಂಜಿ, ಸಾಕಷ್ಟು ನೀರು, ಮುಕ್ಕಳಿಸಬಲ್ಲ ಮಗುವಿಗೆ ಉಪ್ಪು ಬೆರೆಸಿದ ಉಗುರುಬೆಚ್ಚನೆಯ ನೀರು, ಜ್ವರವಿದ್ದರೆ ತೂಕಕ್ಕೆ ತಕ್ಕ ಪ್ಯಾರಾಸಿಟಮಾಲ್ ಸಾಕಾಗುತ್ತದೆ. ವೈರಾಣುವಿನ ಮೇಲೆ ಆ್ಯಂಟಿಬಯೋಟಿಕ್ ಯಾವ ಪರಿಣಾಮವನ್ನೂ ಬೀರುವುದಿಲ್ಲ.

ಆದರೆ 5ರಿಂದ 15 ವರ್ಷದ ಮಕ್ಕಳಲ್ಲಿ ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾದಿಂದಲೂ ಗಂಟಲು ಬಾತುಕೊಳ್ಳುವುದುಂಟು. ಕೆಮ್ಮು ನೆಗಡಿಯಿಲ್ಲದೆ ಏಕಾಏಕಿ ಜ್ವರ, ನುಂಗಲಾಗದಷ್ಟು ನೋವು, ಕೆಂಪಾದ ಟಾನ್ಸಿಲ್‌ಗಳ ಮೇಲೆ ಬಿಳಿಯ ಕೀವು ಇದರ ಲಕ್ಷಣಗಳು. ವೈದ್ಯರು ಪೆನಿಸಿಲಿನ್ ಅಥವಾ ಅಮಾಕ್ಸಿಸಿಲಿನ್ ಔಷಧವನ್ನು ಸಾಮಾನ್ಯವಾಗಿ 10 ದಿನಗಳಿಗೆ ಬರೆಯುತ್ತಾರೆ. ತೊಡಕಿರುವುದು ಇಲ್ಲಿಯೇ. ಮೂರನೆಯ ದಿನಕ್ಕೆ ಜ್ವರ ಇಳಿದು ಮಗು ಆಟಕ್ಕೆ ಓಡುತ್ತದೆ. ಉಳಿದ ಔಷಧ ಗೂಡು ಸೇರುತ್ತದೆ, ಇಲ್ಲವೇ ತಮ್ಮನ ನೆಗಡಿಗೆ ಬಳಕೆಯಾಗುತ್ತದೆ. ಎರಡು ಮೂರು ವಾರಗಳ ತರುವಾಯ ಕೆಲವು ಮಕ್ಕಳಲ್ಲಿ ಮೊಣಕಾಲು, ಹರಡು, ಮೊಣಕೈ ಒಂದಾದ ಮೇಲೊಂದು ಬಾತು ನೋಯುತ್ತವೆ. ಇದೇ ರುಮಾಟಿಕ್ ಜ್ವರ. ಕೀಲುನೋವು ಮಾಯುತ್ತದೆ, ಹೃದಯದ ಕವಾಟಕ್ಕಾದ ಹಾನಿ ಉಳಿದುಬಿಡಬಹುದು. ಅಂಥ ಮಗುವಿಗೆ 3-4 ವಾರಗಳಿಗೊಮ್ಮೆ ಪೆನಿಸಿಲಿನ್ ಚುಚ್ಚುಮದ್ದು ಅನೇಕ ವರ್ಷ ನಡೆಯಬೇಕು. ಕವಾಟ ತೀರ ಕೆಟ್ಟರೆ ಕಲಬುರಗಿಯ ಜಯದೇವ ಹೃದ್ರೋಗ ಸಂಸ್ಥೆಯಂತಹ ಆಸ್ಪತ್ರೆಯನ್ನೇ ಆಶ್ರಯಿಸಬೇಕು. ನೋವು ಆರಂಭವಾದ 9 ದಿನಗಳೊಳಗೆ ಔಷಧ ಪ್ರಾರಂಭಿಸಿ ಪೂರ್ಣಗೊಳಿಸಿದರೆ ಇದನ್ನು ಬಹುಮಟ್ಟಿಗೆ ತಡೆಯಬಹುದು. ಔಷಧ ಅಂಗಡಿಯಿಂದ ಚೀಟಿಯಿಲ್ಲದೆ ತಂದ ಎರಡು ಗುಳಿಗೆಗಳಿಂದ ಇದು ಸಾಧ್ಯವಿಲ್ಲ.

ಗಂಟಲುಮಾರಿಯ ಮಾತು ಬೇರೆ. ಕಲ್ಯಾಣ ಕರ್ನಾಟಕದಲ್ಲಿ ಅದು ಇನ್ನೂ ಅಳಿದಿಲ್ಲ. ಗಂಟಲೊಳಗೆ ಬೂದುಬಣ್ಣದ ಪೊರೆ, ಊದಿದ ಕುತ್ತಿಗೆ, ಉಸಿರಾಟದ ಕಷ್ಟ ಕಂಡ ಮಗುವನ್ನು ಅದೇ ದಿನ ದೊಡ್ಡ ಆಸ್ಪತ್ರೆಗೆ ಸಾಗಿಸತಕ್ಕದ್ದು; 108 ವಾಹನವನ್ನು ಕರೆಯಬಹುದು. ಪೊರೆಯನ್ನು ಬೆರಳಿನಿಂದಾಗಲಿ ಬಟ್ಟೆಯಿಂದಾಗಲಿ ಕೆರೆಯಬಾರದು, ರಕ್ತ ಸುರಿಯುತ್ತದೆ. ಚಿಕಿತ್ಸೆ ದೊರೆತರೂ ಹತ್ತರಲ್ಲಿ ಒಬ್ಬರಷ್ಟು ರೋಗಿಗಳು ಸಾವಿಗೀಡಾಗುವ ಕಾಯಿಲೆಯಿದು.

ಇದಕ್ಕೆ ಲಸಿಕೆಯಿದೆ, ಅದೂ ಉಚಿತವಾಗಿ: 6, 10 ಮತ್ತು 14ನೆಯ ವಾರಗಳಲ್ಲಿ, ಅನಂತರ 16-24 ತಿಂಗಳು, 5-6 ವರ್ಷ, 10 ಮತ್ತು 16 ವರ್ಷಗಳಲ್ಲಿ. ತಪ್ಪಿಹೋಗುವುದು ಹೆಚ್ಚಾಗಿ 5-6 ವರ್ಷದ ಸರದಿ. ಆಗ ಮಗು ಅಂಗನವಾಡಿಯ ದಾಖಲೆಯಿಂದ ಹೊರಬಂದಿರುತ್ತದೆ, ಶಾಲೆಯ ಗಮನಕ್ಕೆ ಇನ್ನೂ ಬಂದಿರುವುದಿಲ್ಲ. ಪುಣೆ, ಮುಂಬೈ, ಹೈದರಾಬಾದ್ ಕಡೆಗೆ ಗುಳೆ ಹೋಗುವ ಕುಟುಂಬಗಳಲ್ಲಿ ತಾಯಿ ಕಾರ್ಡೇ ಕಳೆದುಹೋಗಿರುವುದೂ ಉಂಟು. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೋಷಣಾ ಸಮಿತಿಯ ಸಭೆಯಲ್ಲಿ ಸದಸ್ಯರು ಒಂದನೆಯ ತರಗತಿಯ ದಾಖಲಾತಿ ಪುಸ್ತಕವನ್ನೂ ಆಶಾ ಕಾರ್ಯಕರ್ತೆಯ ಲಸಿಕಾ ಪಟ್ಟಿಯನ್ನೂ ಎದುರು ಬದುರು ಇಟ್ಟು ನೋಡಿದರೆ ಬಿಟ್ಟುಹೋದ ಹೆಸರುಗಳು ಅರ್ಧ ಗಂಟೆಯಲ್ಲಿ ಸಿಗುತ್ತವೆ. ಮುಂಗಾರಿಗೆ ಮೊದಲು ಊರಿಗೆ ಮರಳುವ ಗುಳೆ ಕುಟುಂಬಗಳ ಮಕ್ಕಳ ಹೆಸರನ್ನು ಆಯಾ ವಾರ್ಡಿನ ಸದಸ್ಯರೇ ಆ ಪಟ್ಟಿಗೆ ಸೇರಿಸುವುದು ಸೂಕ್ತ. ಯಾವ ಮನೆಯ ಬೀಗ ಎಂದು ತೆರೆಯಿತೆಂಬುದು ಅವರಿಗೇ ಮೊದಲು ತಿಳಿದಿರುತ್ತದೆ.