ವಿಶ್ವಾಸಿಯು ಶಿಷ್ಯನಾಗುವದು

ಪಾಠ: ಮತ್ತಾಯ 28:18-20, ಯಾಕೋಬ 2:14-17

ಸಿದ್ಧಕಟ್ಟೆಯ ಬೈಲುಗಳಲ್ಲಿ ನೇಜಿಯು ಎಷ್ಟು ಹಸುರಾಗಿ ಎದ್ದರೂ ಅದನ್ನು ಮಡಿಯಲ್ಲಿಯೇ ಬಿಟ್ಟರೆ ಒಳ್ಳೇ ಬೆಳೆ ಬಾರದೆಂದು ನೀವು ಬಲ್ಲಿರಿ. ಅದನ್ನು ಕಿತ್ತು ಗದ್ದೆಯ ಕೆಸರಿನಲ್ಲಿ ನೆಡಬೇಕು. ನಂಬಿಕೆಯೂ ಹಾಗೆಯೇ. ದೀಕ್ಷಾಸ್ನಾನವು ಆರಂಭವೇ ಹೊರತು ಕೊಯ್ಲಲ್ಲ. ಯಾಕಂದರೆ ಸ್ನಾನ ಮಾಡಿಸಿರೆಂದ ಕರ್ತನು, ತನ್ನ ಆಜ್ಞೆಗಳಂತೆ ನಡೆಯುವದಕ್ಕೆ ಕಲಿಸಬೇಕೆಂತಲೂ ಅಪ್ಪಣೆ ಕೊಟ್ಟನು.

ನಮ್ಮ ಜಿಲ್ಲೆಯಲ್ಲಿಯೇ ಇದಕ್ಕೆ ದೃಷ್ಟಾಂತವುಂಟು. ಮಂಗಳೂರಿನ ಬ್ರಾಹ್ಮಣ ಯುವಕರಾದ ಆನಂದರಾವ್ ಕೌಂಡಿನ್ಯರು 1844ರಲ್ಲಿ ದೀಕ್ಷಾಸ್ನಾನ ಹೊಂದಿದರು. ಮನೆಯನ್ನೂ ಜಾತಿಯನ್ನೂ ಬಿಟ್ಟದ್ದು ಸಾಕೆಂದು ಅವರು ಸುಮ್ಮನಿರಲಿಲ್ಲ. ಬಾಸೆಲಿಗೆ ಹೋಗಿ ವರುಷಗಟ್ಟಲೆ ಕಲಿತು, ಬೋಧಕರಾಗಿ ಅಭಿಷೇಕ ಹೊಂದಿ, 1851ರಲ್ಲಿ ಹಿಂದಿರುಗಿ, ಮಂಗಳೂರಿನ ಸೆಮಿನರಿಯಲ್ಲಿ ಉಪದೇಶಿಗಳಾಗತಕ್ಕವರಿಗೆ ಕಲಿಸಿದರು. ತರುವಾಯ ಕೊಡಗಿನ ಆನಂದಪುರದಲ್ಲಿ, ತಮ್ಮ ಕುಲದವರು ಮುಟ್ಟದಿದ್ದ ಹೊಲೆಯರಿಂದ ಬಂದ ವಿಶ್ವಾಸಿಗಳಿಗೆ ನೆಲೆಯಾಗುವಂತೆ ಪ್ರಯಾಸಪಟ್ಟರು. ಪಡೆದದ್ದನ್ನು ಕಲಿತರು, ಕಲಿತದ್ದನ್ನು ಕೊಟ್ಟರು.

“ನಾವು ಕೂಲಿಯವರು, ಬಾಸೆಲಿಗೆ ಹೋಗಲಾದೀತೇ?” ಎನ್ನುವಿರೋ? ಶಿಷ್ಯತ್ವವು ದೂರಪ್ರಯಾಣವಲ್ಲ. ಆದಿತ್ಯವಾರ ಆಲಯದಲ್ಲಿ ಹಾಡಿ, ಸೋಮವಾರ ರಾತ್ರಿ ನೆರೆಯವನ ಗದ್ದೆಗೆ ಹೋಗುವ ನೀರನ್ನು ಕಟ್ಟಿ ತಿರುಗಿಸುವವನು ಇನ್ನೂ ಮಡಿಯ ನೇಜಿಯೇ. ಆ ಕಟ್ಟವನ್ನು ತಾನೇ ಬಿಡಿಸಿ, ನೆರೆಯವನ ಸಂಗಡ ಸಮಾಧಾನವಾಗುವವನು ಗದ್ದೆಯಲ್ಲಿ ಬೇರೂರಿದನು.

ಆದಕಾರಣ ಈ ತಿಂಗಳಲ್ಲಿ ಪ್ರತಿ ಮನೆಯವರು ಇದನ್ನು ಮಾಡಲಿ. ಓದಬಲ್ಲವರು ಸಂಜೆಯಲ್ಲಿ ಒಂದು ಅಧ್ಯಾಯವನ್ನು ಓದಿ ಹಿರಿಯರಿಗೂ ಮಕ್ಕಳಿಗೂ ಕೇಳಿಸಲಿ. ಕೇಳಿದವರು, “ಇದರಲ್ಲಿ ನಾಳೆ ನಾನು ಮಾಡತಕ್ಕದ್ದೇನು?” ಎಂದು ವಿಚಾರಿಸಲಿ. ಮರುದಿನ ಅದನ್ನೇ ಮಾಡಲಿ.